ಅಳಿಸಲೆಂದು ಬರೆದ ಕಡತ

ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ದಕ್ಷಿಣ ಭಾರತದ ಚರಿತ್ರೆಯನ್ನು ಕುರಿತು ಬರೆದ ಪುಸ್ತಕದ ಮೊದಲ ಸಂಪುಟ 1810ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದರಲ್ಲಿ ನಮ್ಮ ಕಡತದ ವಿವರ ಬರುತ್ತದೆ. 8 ಅಂಗುಲದಿಂದ ಒಂದು ಅಡಿ ಅಗಲ, 12ರಿಂದ 18 ಅಡಿ ಉದ್ದದ ಹತ್ತಿಬಟ್ಟೆ. ಎರಡೂ ಮೈಗೆ ಅಂಟು ಮತ್ತು ಇದ್ದಿಲ ಪುಡಿಯ ಲೇಪ. ಚೆನ್ನಾಗಿ ಒಣಗಿದ ಮೇಲೆ ಎಲ್ಲೂ ಕತ್ತರಿಸದೆ ಸಮನಾಗಿ ಮಡಿಸಿ, ಎರಡು ತುದಿಯ ಮಡಿಕೆಗಳಿಗೆ ಬಣ್ಣದ ಮರದ ಹಲಗೆ ಕೂರಿಸುತ್ತಿದ್ದರು. ಸಾಮಾನ್ಯ ಅಂಗಡಿಯವರ ಕಡತಕ್ಕೆ ಹಲಗೆಯೂ ಇಲ್ಲ, ಒಂದು ದಾರದ ಕಟ್ಟು ಅಷ್ಟೆ. ಬರೆಯುವುದು ಬಳಪದಲ್ಲಿ, ಬೇಡವೆಂದರೆ ಒರೆಸಿ ಮತ್ತೆ ಬರೆಯಬಹುದು. ಟಿಪ್ಪು ಸುಲ್ತಾನ ಸರ್ಕಾರಿ ಲೆಕ್ಕಗಳಿಗೆ ಕಡತ ಬಳಸುವುದನ್ನು ನಿಷೇಧಿಸಿದ್ದನೆಂದು ವಿಲ್ಕ್ಸ್ ಹೇಳುತ್ತಾರೆ. ಸಾಕ್ಷಿಗಳ ಸಮೇತ ಬರೆದ ಸಾಲಪತ್ರವೊಂದನ್ನು ವ್ಯಾಪಾರಿಯ ಕಡತದಲ್ಲೇ ತೋರಿಸಿ, ಅದನ್ನು ಪುರಾವೆಯಾಗಿ ಒಪ್ಪಿಕೊಂಡದ್ದನ್ನು ತಾವು ಕಂಡದ್ದಾಗಿಯೂ ಅವರೇ ಬರೆಯುತ್ತಾರೆ.

ಅಳಿಸಲು ಬರುವ ಬರಹ, ಆದರೂ ಜನ ನಂಬಿದ ಬರಹ. ಗುಟ್ಟು ಬಿಡಿಸುವ ಆಟಕ್ಕೆ ಇದಕ್ಕಿಂತ ಒಳ್ಳೆಯ ವಸ್ತು ಸಿಗುವುದಿಲ್ಲ ಅನ್ನಿಸಿತು. ನಮ್ಮ ಗುಂಪು ಆಡುತ್ತಿದ್ದ ರೋಲ್‌ಪ್ಲೇಯಿಂಗ್ ಆಟಕ್ಕಾಗಿ ಒಂದು ಕಡತವನ್ನು ಕೈಯಾರೆ ಮಾಡಿದೆ. ಚೆನ್ನಾಗಿಯೇ ಬಂತು. ಆದರೆ ಆಟದ ದಿನ ಅದು ತನ್ನ ಕೆಲಸ ಮಾಡಲಿಲ್ಲ. ಮಾಡಗೊಡದೆ ತಡೆದವನು ನಾನು. ಅಷ್ಟಕ್ಕೇ ನಿಲ್ಲದೆ ಆ ತಪ್ಪನ್ನು ಆಡಿದವರ ಮೇಲೆ ಹೊರಿಸಿದೆ. ಇಂಥ ವಸ್ತುಗಳನ್ನು ಮಾಡುವ ಆಸೆ ಇರುವವರು ಈಗ ಕನ್ನಡದಲ್ಲೂ ಸಿಗುತ್ತಿದ್ದಾರೆ. ಅವರಿಗೆ ಇದು ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತಾರೆ, ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಗೇಮ್ ಮಾಸ್ಟರ್ ಆದವನು ಸನ್ನಿವೇಶ ಹೇಳುತ್ತಾನೆ, ಉಳಿದವರು ತಮ್ಮ ಪಾತ್ರ ಅಲ್ಲಿ ಏನು ಮಾಡುತ್ತದೆ, ಏನು ಆಡುತ್ತದೆ ಎಂದು ಹೇಳುತ್ತಾರೆ. ಆಗುತ್ತದೋ ಇಲ್ಲವೋ ಎಂಬ ಅನುಮಾನ ಇರುವಲ್ಲಿ ದಾಳ ಉರುಳುತ್ತದೆ. ತಾಳಮದ್ದಳೆಯ ಅರ್ಥಧಾರಿಗಳು ಕೂತಲ್ಲೇ ಮಾತು ಹುಟ್ಟಿಸುವ ಹಾಗೆ ಇಲ್ಲೂ ಮಾತು ಆ ಕ್ಷಣಕ್ಕೇ ಹುಟ್ಟಬೇಕು. ಪ್ರಸಂಗದ ಕೊನೆ ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಬಗೆಯ ಆಟಗಳಲ್ಲಿ ಅಚ್ಚಾಗಿ ಮಾರಾಟಕ್ಕೆ ಬಂದ ಮೊದಲನೆಯದು. ನಾವು ಆಡುತ್ತಿದ್ದುದು ಕಯೋಸಿಯಂ ಪ್ರಕಾಶನದ ಶೇಕಡಾ ದಾಳದ ನಿಯಮಗಳಲ್ಲಿ. ಹತ್ತು ಮುಖದ ಎರಡು ದಾಳ ಹಾಕಿದರೆ ಒಂದರಿಂದ ನೂರರೊಳಗೆ ಒಂದು ಅಂಕೆ. ಅದು ನಿಮ್ಮ ಪಾತ್ರದ ಕುಶಲತೆಯಷ್ಟೇ ಅಥವಾ ಅದಕ್ಕಿಂತ ಕಡಿಮೆ ಬಿದ್ದರೆ ಕೆಲಸ ಆಯಿತು. ಸುಲಭ.

ಕತೆ ಮಾತ್ರ ನಮ್ಮದೇ. ನಾನು ಸಾಗರದವನು. ಕೆಳದಿ, ಇಕ್ಕೇರಿಗಳ ನೆರೆಯಲ್ಲಿ ಬೆಳೆದವನಿಗೆ ಕತೆಗಾಗಿ ಬೇರೆ ದೇಶಕ್ಕೆ ಹೋಗಬೇಕಾಗಿರಲಿಲ್ಲ. 1689ನೆಯ ಇಸವಿ. ಸಂಭಾಜಿಯನ್ನು ಔರಂಗಜೇಬ ಕೊಲ್ಲಿಸಿದ್ದಾನೆ. ಶಿವಾಜಿಯ ಇನ್ನೊಬ್ಬ ಮಗ ರಾಜಾರಾಮ ತಪ್ಪಿಸಿಕೊಂಡು ದಕ್ಷಿಣಕ್ಕೆ, ಜಿಂಜಿಯ ಕಡೆಗೆ ಹೊರಟಿದ್ದಾನೆ. ಬಿದನೂರಿನಲ್ಲಿ ಆಳುತ್ತಿರುವವಳು ಕೆಳದಿ ಚೆನ್ನಮ್ಮ. ಅವಳು ಅವನಿಗೆ ಆಶ್ರಯ ಕೊಟ್ಟಳು, ಮೊಗಲರ ಸೈನ್ಯವನ್ನು ಎದುರುಹಾಕಿಕೊಂಡಳು. ಇಷ್ಟು ಇತಿಹಾಸ. ಆ ಅತಿಥಿಯನ್ನು ಯಾರ ಕಣ್ಣಿಗೂ ಬೀಳದಂತೆ ಬಿದನೂರಿನಿಂದ ದಾಟಿಸುವ ನಾಲ್ವರು ಸಾಮಾನ್ಯರು ಯಾರಿದ್ದಿರಬಹುದು ಎನ್ನುವುದು ನಮ್ಮ ಆಟ. ಅರಮನೆಯ ಲೆಕ್ಕ ಬರೆಯುವ ಹೆಂಗಸು, ಒಬ್ಬ ಜಂಗಮ, ಕುದುರೆ ಲಾಯದವನು, ಬಸರೂರಿನ ಅಕ್ಕಿ ವ್ಯಾಪಾರಿ. ಈ ನಾಲ್ಕು ಪಾತ್ರಗಳನ್ನು ನನ್ನ ನಾಲ್ವರು ಗೆಳೆಯರು ಬೆಂಗಳೂರಿನಲ್ಲಿ, ನನ್ನ ಬಾಡಿಗೆ ಮನೆಯ ಊಟದ ಮೇಜಿನ ಸುತ್ತ ಕೂತು ಒಂದು ವರ್ಷಕ್ಕೂ ಮೇಲ್ಪಟ್ಟು ಆಡಿದ್ದರು. ಜಂಗಮನ ಪಾತ್ರದ ಗೆಳೆಯ ಅದಕ್ಕಾಗಿ ವಚನಗಳನ್ನು ಓದಿಕೊಂಡು ಬರುತ್ತಿದ್ದ. ಅಷ್ಟರ ಮಟ್ಟಿಗೆ ಆ ಪಾತ್ರಗಳು ಅವರಿಗೆ ಬೇಕಾದವರಂತಾಗಿದ್ದವು.

ಆಟಕ್ಕೆ ವಸ್ತು ಮಾಡುವ ಹುಚ್ಚು ಹೊಸದಲ್ಲ. ರೋಲ್‌ಪ್ಲೇಯಿಂಗ್ ಎಂಬ ಆಟ ಹುಟ್ಟುವ ಮೊದಲೇ, 1936ರಲ್ಲಿ, ಇಂಗ್ಲೆಂಡಿನ ಕಾದಂಬರಿಕಾರ ಡೆನಿಸ್ ವೀಟ್ಲಿ ‘ಮರ್ಡರ್ ಆಫ್ ಮಯಾಮಿ’ ಎಂಬ ಪತ್ತೇದಾರಿ ಕತೆಯನ್ನು ಪೊಲೀಸ್ ದಫ್ತರದ ರೂಪದಲ್ಲಿ ಹೊರತಂದರು. ಅದರೊಳಗೆ ತಂತಿ ಸಂದೇಶ, ಕೈಬರಹದ ಕಾಗದಗಳ ಜತೆಗೆ ನಿಜವಾದ ಬೆಂಕಿಕಡ್ಡಿ, ಕೂದಲು, ರಕ್ತದ ಕಲೆಯ ಪರದೆಯ ತುಂಡು ಕೂಡ ಇದ್ದವು. ಕೊಲೆ ಮಾಡಿದವರು ಯಾರೆಂಬ ಭಾಗಕ್ಕೆ ಮುದ್ರೆ ಹಾಕಿ ಮುಚ್ಚಿತ್ತು. ಮುಂದೆ 1981ರಲ್ಲಿ ಕಯೋಸಿಯಂನ ‘ಕಾಲ್ ಆಫ್ ಕ್ತುಲು’ ಆಟ ಬಂದಾಗ ಈ ಕಲೆ ಮೇಜಿನ ಮೇಲೆ ಕಾಲೂರಿತು. ಅದು ಹೆಚ್ಚಾಗಿ ಹಳೆಯ ಪತ್ರ, ದಿನಚರಿ, ಪತ್ರಿಕೆಯ ತುಣುಕುಗಳನ್ನು ಹುಡುಕಿ ಓದುವ ಆಟ. 1984ರ ‘ಮಾಸ್ಕ್ಸ್ ಆಫ್ ನ್ಯಾರ್ಲತೊಟೆಪ್’ ಎಂಬ ಅದರ ದೊಡ್ಡ ಕಥಾಸರಣಿಯಲ್ಲಿ ಶಾಂಘೈನ ಬಾರೊಂದರ ಬೆಂಕಿಪೊಟ್ಟಣವನ್ನು ಆಡುವವರ ಕೈಗೇ ಕೊಡುವ ವ್ಯವಸ್ಥೆ ಇದೆ. ಬಾಯಲ್ಲಿ ‘ಒಂದು ಬೆಂಕಿಪೊಟ್ಟಣ ಸಿಕ್ಕಿತು’ ಎಂದು ಹೇಳುವುದಕ್ಕೂ ಆ ಪೊಟ್ಟಣ ಅಂಗೈ ಮೇಲೆ ಕೂರುವುದಕ್ಕೂ ಎಷ್ಟು ವ್ಯತ್ಯಾಸ ಎನ್ನುವುದು ಅನುಭವಿಸಿದವರಿಗೆ ಗೊತ್ತು. ಜನ ತಕ್ಷಣ ಅದನ್ನು ತಿರುಗಿಸಿ ನೋಡುತ್ತಾರೆ, ಅಲ್ಲಾಡಿಸುತ್ತಾರೆ, ಮೂಸುತ್ತಾರೆ. ನಾನು ಆಸೆಪಟ್ಟದ್ದು ಆ ಕ್ಷಣಕ್ಕೆ.

ಕಡತ ಮಾಡಲು ಮಳೆಗಾಲದಲ್ಲಿ ಕೂತೆ. ಅದು ಮೊದಲ ತಪ್ಪು. ಚಿಕ್ಕಪೇಟೆಯಿಂದ ಕೋರಾ ಬಟ್ಟೆ ತಂದು, ಕುದಿಸಿ, ಗಂಜಿ ಬಿಡಿಸಿದೆ. ಅಂಟಿಗೆ ಹುಣಸೆಬೀಜವೇ ಆಗಬೇಕೆಂದು ಓದಿದ್ದರೂ ಬೀಜ ಒಗ್ಗೂಡಿಸುವ ತಾಳ್ಮೆಯಿಲ್ಲದೆ ಮೈದಾ ಕಾಸಿ ಹಚ್ಚಿದೆ. ಒಣಗಿದಾಗ ನೋಡಲು ಚೆನ್ನಾಗಿತ್ತು. ಮಡಿಸಿದ ಕಡೆಯೆಲ್ಲ ಸಿಪ್ಪೆ ಎದ್ದು ಉದುರಿತು. ಉಳಿದದ್ದಕ್ಕೆ ಬೂಸ್ಟು ಹಿಡಿಯಿತು. ಊರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದರೆ, “ಆಷಾಢದಲ್ಲಿ ಅಂಟು ಕಾಸಿ ಗೋಡೆಗೆ ಒಣಹಾಕಿದರೆ ಬೂಸ್ಟು ಬರದೆ ಇನ್ನೇನು ಬರುತ್ತೆ ಮಾರಾಯ? ಹುಣಸೆಬೀಜ ನಾನು ಕಳಿಸ್ತೀನಿ, ಸುಮ್ಮನಿರು” ಎಂದರು. ಬಸ್ಸಿನಲ್ಲಿ ಒಂದು ಕೈಚೀಲ ಬಂತು.

ಹುಣಸೆಬೀಜದ ಕೆಲಸವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಡೀ ಕಡತದ ಜೀವ ಅದರಲ್ಲಿದೆ. ಬೀಜವನ್ನು ಬಾಣಲೆಯಲ್ಲಿ ಹುರಿಯಬೇಕು. ಸಿಪ್ಪೆ ಕಪ್ಪಾಗಿ ಚಟಚಟ ಬಿರಿಯುತ್ತದೆ. ಬಿಸಿ ಇರುವಾಗಲೇ ಒರಳಲ್ಲಿ ಹಗುರಾಗಿ ಕುಟ್ಟಿದರೆ ಸಿಪ್ಪೆ ಬಿಟ್ಟು ಒಳಗಿನ ಬೆಳ್ಳಗಿನ ಬೇಳೆ ಬರುತ್ತದೆ. ಅದು ಕಲ್ಲಿನಷ್ಟು ಗಟ್ಟಿ. ರಾತ್ರಿಯಿಡೀ ನೆನೆದರೂ ಮಿಕ್ಸಿ ಒದ್ದಾಡುತ್ತದೆ. ರುಬ್ಬಿದ ಹಿಟ್ಟನ್ನು ನೀರಿಗೆ ಹಾಕಿ ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿದರೆ ಲೋಳೆ ಲೋಳೆಯಾಗಿ, ಚಮಚದಿಂದ ದಾರ ಇಳಿಯುವ ಹದಕ್ಕೆ ಬರುತ್ತದೆ. ಚಳ್ಳಕೆರೆ ಕಡೆ ಕಂಬಳಿ ನೇಯುವವರು ನೂಲಿಗೆ ಹಾಕುವ ಗಂಜಿ ಇದರದೇ. ಕಿನ್ನಾಳದ ಬೊಂಬೆ ಮಾಡುವವರ ಅಂಟೂ ಇದರದೇ. ತೆಂಗಿನ ಚಿಪ್ಪು ಸುಟ್ಟು ಇದ್ದಿಲು ಮಾಡಿ, ಅರೆದು, ಹಳೆಯ ಪಂಚೆಯಲ್ಲಿ ಜರಡಿ ಹಿಡಿದು ಆ ಲೋಳೆಗೆ ಕಲಸಿದೆ. ಒಂದು ಪದರ ಹಚ್ಚುವುದು, ಒಣಗಿಸುವುದು, ಉಪ್ಪುಕಾಗದದಿಂದ ತಿಕ್ಕುವುದು, ಮತ್ತೆ ಇನ್ನೊಂದು ಪದರ. ಕೊನೆಗೆ ಶಂಖದ ಬೆನ್ನಿನಿಂದ ಉಜ್ಜಿದಾಗ ಬಟ್ಟೆ ಎನ್ನುವುದೇ ಮರೆತುಹೋಯಿತು. ಬೆರಳಿಗೆ ತಣ್ಣಗೆ, ನುಣ್ಣಗೆ, ತುಸು ಗಡಸಾಗಿ ಸಿಗುತ್ತಿತ್ತು. ಮಡಿಸಿದರೆ ಬಿರುಕಿಲ್ಲ. ಬಳಪದ ಗೆರೆ ಅದರ ಮೇಲೆ ಎದ್ದು ಕಾಣುತ್ತಿತ್ತು. ಶೃಂಗೇರಿ ಮಠದ ಕಡತಗಳು ಇನ್ನೂರು ಮುನ್ನೂರು ವರ್ಷ ಹೇಗೆ ಉಳಿದವು ಎನ್ನುವುದು ಓದಿದಾಗ ತಿಳಿಯದಿದ್ದದ್ದು ಆಗ ಬೆರಳಿಗೆ ತಿಳಿಯಿತು.

ಇನ್ನು ಅದರೊಳಗಿನ ಗುಟ್ಟು. ಆಟದಲ್ಲಿ ಇದು ಹುಲಿಕಲ್ ಘಾಟಿಯ ಸುಂಕದಕಟ್ಟೆಯ ಕಡತ. ಘಟ್ಟ ಹತ್ತಿದ, ಇಳಿದ ಮೆಣಸು, ಅಕ್ಕಿ, ಉಪ್ಪಿನ ಹೇರುಗಳ ಲೆಕ್ಕ. ಲಂಚ ತಿಂದ ಶಾನುಭೋಗ ಒಂದು ಸಾಲನ್ನು ಒರೆಸಿ, ಅದರ ಮೇಲೆ ಸುಳ್ಳು ಲೆಕ್ಕ ಬರೆದಿದ್ದಾನೆ. ಮೇಲೆ ಕಾಣುವುದು: ಉಪ್ಪಿನ ಹೇರು 20, ಆಳು 6. ಅಡಿಯಲ್ಲಿ ಇದ್ದದ್ದು: ಘಟ್ಟ ಇಳಿದವರು, ಕುದುರೆ 7, ಆಳು 30, ಊರು ಹೇಳಲಿಲ್ಲ. ಅಂದರೆ ಶತ್ರುಗಳು ಕೆಳಗೆ ಹೊಂಚು ಹಾಕಿದ್ದಾರೆ. ಅತಿಥಿಯನ್ನು ಆ ದಾರಿಯಲ್ಲಿ ಇಳಿಸಕೂಡದು.

ಅಡಿಯ ಸಾಲು ಕಾಣಬೇಕಾದದ್ದು ಆಡುವವರು ಮೇಲಿನದನ್ನು ಒರೆಸಿದಾಗ ಮಾತ್ರ. ಇದಕ್ಕೆ ತಾಳೆಗರಿಯ ವಿದ್ಯೆಯನ್ನು ತಿರುಗುಮುರುಗು ಮಾಡಿದೆ. ತಾಳೆಗರಿಯಲ್ಲಿ ಕಂಟದಿಂದ ಅಕ್ಷರ ಕೊರೆದು, ಮೇಲೆ ಮಸಿ ಸವರಿ ಒರೆಸುತ್ತಾರೆ; ಗೀರಿನೊಳಗೆ ಮಸಿ ಉಳಿದು ಅಕ್ಷರ ಕಪ್ಪಾಗಿ ಮೂಡುತ್ತದೆ. ನಾನು ಕಪ್ಪು ಮೈಮೇಲೆ ದಬ್ಬಣದ ಮೊನೆಯಿಂದ, ಬಟ್ಟೆಯ ಬಿಳಿ ಕಾಣದಷ್ಟು ಮೇಲುಮೇಲೆ ಕೊರೆದೆ. ಅದರ ಮೇಲೆ ಬಳಪದಲ್ಲಿ ಸುಳ್ಳು ಸಾಲನ್ನು ಒತ್ತಿ ಬರೆದೆ. ಒಣಬಟ್ಟೆಯಿಂದ ಉಜ್ಜಿದರೆ ಮೇಲಿನ ಬರಹ ಪುಡಿಯಾಗಿ, ಆ ಬಿಳಿಪುಡಿ ಗೀರುಗಳಲ್ಲಿ ಕೂತು ನಿಜವಾದ ಸಾಲು ಬೂದಿಬಣ್ಣದಲ್ಲಿ ಎದ್ದು ಬರುತ್ತದೆ. ಬೇರೆ ತುಂಡಿನ ಮೇಲೆ ಮಾಡಿ ನೋಡಿದೆ. ಸುಳ್ಳನ್ನು ಒರೆಸಿದ ಪುಡಿಯೇ ಸತ್ಯವನ್ನು ಓದಿಸುತ್ತದೆ. ಆ ರಾತ್ರಿ ನಾನು ಪಟ್ಟ ಸಂತೋಷ ನಿಜವಾದದ್ದು. ಅದರ ಬಗ್ಗೆ ನನಗೆ ಈಗಲೂ ಸಂಕೋಚವಿಲ್ಲ.

ಕೆಟ್ಟದ್ದು ಆಮೇಲಿನದು. ಸುಳ್ಳು ಸಾಲೊಂದನ್ನೇ ಬರೆದು ಬಿಡಬಹುದಿತ್ತು. ಇಡೀ ಕಡತ ತುಂಬಿಸಿದೆ. ಪದಗಳ ನಡುವೆ ಜಾಗ ಬಿಡದ ಹಳೆಯ ರೂಢಿ, ಹಳೆಯ ಅಳತೆಯ ಖಂಡುಗ ಕೊಳಗಗಳು, ಇಕ್ಕೇರಿ ವರಹದ ಲೆಕ್ಕ. ಅಕ್ಷರ ಸೊಟ್ಟಗಾದ ಮಡಿಕೆಯನ್ನು ಒರೆಸಿ ಮತ್ತೆ ಬರೆದೆ. ಹಲಸಿನ ಮರದ ಹಲಗೆ ಕೂರಿಸಿದೆ, ಸುಂಕದ ಶಾನುಭೋಗನಿಗೆ ಅಷ್ಟು ಸಿಂಗಾರ ಇರುತ್ತಿರಲಿಲ್ಲ ಎಂದು ಗೊತ್ತಿದ್ದೂ. ದಾರದ ಕಟ್ಟು ಸಾಕಿದ್ದ ಕಡೆ ರೇಷ್ಮೆಯ ಚೀಲ ಹೊಲಿಸಿದೆ. ಒಂದೊಂದು ಸೇರ್ಪಡೆಯಾದಾಗಲೂ ಅದು ಸುಂಕದಕಟ್ಟೆಯಿಂದ ದೂರ ಸರಿದು ನನ್ನ ಹತ್ತಿರ ಬರುತ್ತಿತ್ತು. ಆಗ ಅದು ನನಗೆ ಕಾಣಲಿಲ್ಲ.

ಆಟದ ದಿನ ಬಂತು. ಗೆಳೆಯರು ಬಂದು ಚಹಾ ಮುಗಿಸುವ ಹೊತ್ತಿಗೆ ಹುಣಸೆಬೀಜದ ಕತೆ, ಬೂಸ್ಟಿನ ಕತೆ, ವಿಲ್ಕ್ಸ್ ಕತೆ ಎಲ್ಲ ಹೇಳಿಬಿಟ್ಟಿದ್ದೆ. ಸುಂಕದಕಟ್ಟೆಯ ದೃಶ್ಯ ಬಂದಾಗ ಒಳಗಿನಿಂದ ಕಡತವನ್ನು ಎರಡೂ ಕೈಯಲ್ಲಿ ಹಿಡಿದು ತಂದು, ಮೇಜಿನ ಮೇಲೆ ಬಟ್ಟೆ ಹಾಸಿ ಇಟ್ಟೆ. “ಕೈ ಒಣಗಿದೆ ತಾನೇ? ನಿಪ್ಪಟ್ಟಿನ ಎಣ್ಣೆ ಇದ್ದರೆ ಒರೆಸಿಕೊಳ್ಳಿ” ಎಂದೆ. ಎಲ್ಲರೂ ಕೈ ಒರೆಸಿಕೊಂಡರು. ಒಬ್ಬ ಗೆಳೆಯ ಎದ್ದು ಹೋಗಿ ತೊಳೆದೇ ಬಂದ. ಫೋಟೋ ತೆಗೆದರು. ಎಷ್ಟು ಚೆನ್ನಾಗಿದೆ, ಮ್ಯೂಸಿಯಮ್ಮಿನಲ್ಲಿಡಬೇಕು ಎಂದರು. ನನ್ನ ಎದೆ ತುಂಬಿತು. ಆದರೆ ಆ ಹೊತ್ತಿನಲ್ಲಿ ಬಿದನೂರು ಅಲ್ಲಿರಲಿಲ್ಲ. ಜಂಗಮನೂ ವ್ಯಾಪಾರಿಯೂ ಮಾಯವಾಗಿ, ಬೆಂಗಳೂರಿನ ನಾಲ್ವರು ಗೆಳೆಯರು ನಾನು ಮಾಡಿದ ವಸ್ತುವನ್ನು ನೋಡುತ್ತಿದ್ದರು.

ಲೆಕ್ಕದ ಹೆಂಗಸಿನ ಪಾತ್ರ ಆಡುತ್ತಿದ್ದವಳು ಕಸುಬಿನಿಂದಲೂ ಆಡಿಟರ್. ಮೊದಲು ಆಟಕ್ಕೆ ಮರಳಿದವಳು ಅವಳೇ. ಮಡಿಕೆ ಮಡಿಕೆಯಾಗಿ ಓದುತ್ತ ಬಂದು ಒಂದು ಕಡೆ ನಿಂತಳು. “ಈ ಸಾಲು ಒತ್ತಿ ಬರೆದಿದ್ದಾರೆ. ಉಳಿದದ್ದೆಲ್ಲ ತೆಳು. ಹೇರು ಇಪ್ಪತ್ತು ಅಂದ ಮೇಲೆ ಸುಂಕ ಎಷ್ಟು ಅಂತ ಇರಬೇಕಿತ್ತು, ಇಲ್ಲ” ಎಂದಳು. ನಾನು ಎಣಿಸಿದ್ದಕ್ಕಿಂತಲೂ ಚೆನ್ನಾಗಿ ಹಿಡಿದಿದ್ದಳು. ಸುಂಕದ ಮೊತ್ತ ಬಿಟ್ಟುಹೋದದ್ದು ನನಗೇ ಗೊತ್ತಿರಲಿಲ್ಲ. ಕಡತವನ್ನು ದೀಪದ ಕೆಳಗೆ ಓರೆ ಮಾಡಿ ಹಿಡಿದಳು. ಆಮೇಲೆ ವೇಲಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಆ ಸಾಲಿನ ಮೇಲೆ ಇಟ್ಟಳು.

“ಒರೆಸಬೇಡ!” ಎಂದು ಕೂಗಿದೆ.

ಅದನ್ನು ನಾನು ಯೋಚಿಸಿ ಹೇಳಲಿಲ್ಲ. ಅವಳು ಒರೆಸಲಿ ಎಂದೇ ವಾರಗಟ್ಟಲೆ ದುಡಿದವನ ಬಾಯಿಂದ ಆ ಮಾತು ಬಂತು. ಆ ಕ್ಷಣ ನನಗೆ ಕಂಡದ್ದು ಸುಳಿವಲ್ಲ, ನನ್ನ ಅಕ್ಷರಗಳು. ಅವಳು ಕೈ ಹಿಂದೆಗೆದು “ಸಾರಿ, ಸಾರಿ” ಎಂದಳು. ತಕ್ಷಣವೇ ‘ಇಲ್ಲ, ಒರೆಸು’ ಎಂದಿದ್ದರೆ ಮುಗಿಯುತ್ತಿತ್ತು. ಹಾಗೆ ಹೇಳಿದರೆ ಗುಟ್ಟು ನಾನೇ ಬಿಟ್ಟುಕೊಟ್ಟಂತಾಗುತ್ತದೆ, ಇನ್ನೊಬ್ಬರಾದರೂ ಕೈಹಾಕುತ್ತಾರೆ ಎಂದು ಕಾದೆ. ಯಾರೂ ಕೈಹಾಕಲಿಲ್ಲ. ಯಾಕೆ ಹಾಕುತ್ತಾರೆ? ಈ ಆಟದಲ್ಲಿ ಗೇಮ್ ಮಾಸ್ಟರ್ ಆಡಿದ ಮಾತೇ ಲೋಕ. ಮಳೆ ಬರುತ್ತಿದೆ ಎಂದರೆ ಮಳೆ, ಬಾಗಿಲು ಬೀಗ ಹಾಕಿದೆ ಎಂದರೆ ಬೀಗ. ಅವನು ಒರೆಸಬೇಡ ಎಂದು ಕೂಗಿದರೆ ಒರೆಸುವುದು ಅಪಾಯ ಎಂದೇ ಅರ್ಥ. ಅವರು ತಮ್ಮ ತಮ್ಮಲ್ಲಿ ಚರ್ಚಿಸಿ, ತಿದ್ದಿದ ಲೆಕ್ಕ ಎನ್ನುವುದೇ ಪುರಾವೆ, ಇದನ್ನು ಹೀಗೆಯೇ, ಒಂದು ಅಕ್ಷರ ಕೆಡದಂತೆ ಅರಮನೆಗೆ ಮುಟ್ಟಿಸಬೇಕು ಎಂದು ತೀರ್ಮಾನಿಸಿದರು. ತರ್ಕದಲ್ಲಿ ತಪ್ಪಿರಲಿಲ್ಲ. ನನ್ನ ಕೂಗನ್ನು ನಂಬಿದರೆ ಬರಬೇಕಾದ ತೀರ್ಮಾನ ಅದೇ. ಲಾಯದವನನ್ನು ಕಡತದ ಜತೆ ಮೇಲಕ್ಕೆ ಕಳಿಸಿ, ಉಳಿದವರು ಅತಿಥಿಯೊಂದಿಗೆ ಘಟ್ಟ ಇಳಿದರು.

ಕೆಳಗೆ ಮೂವತ್ತು ಆಳು ಕಾದಿದ್ದರು. ಜಂಗಮ ಕಿರಿದಾದ ಹಾದಿಗೆ ಅಡ್ಡ ನಿಂತು ಉಳಿದವರನ್ನು ಹಿಂದಕ್ಕೆ ಕಳಿಸಿದ. ದಾಳ 84 ಬಿತ್ತು. ಅವನ ಪಾತ್ರ ಅಲ್ಲೇ ಮುಗಿಯಿತು. ಆ ಗೆಳೆಯ ಒಂದು ಮಾತೂ ಆಡದೆ ಪಾತ್ರದ ಹಾಳೆಯನ್ನು ಮಡಿಸಿ ಪುಸ್ತಕದೊಳಗೆ ಇಟ್ಟುಕೊಂಡ.

ಆಟ ಮುಗಿದ ಮೇಲೆ ಅವರು ಕೇಳಿದರು, ಇದನ್ನು ತಿಳಿಯುವ ದಾರಿ ಇತ್ತಾ ಎಂದು. ನಾನು ಕಡತ ತೆಗೆದು, ಅಂಗೈಯಲ್ಲಿ ಆ ಸಾಲನ್ನು ಉಜ್ಜಿ ತೋರಿಸಿದೆ. ಬೂದಿ ಅಕ್ಷರ ಎದ್ದು ಬಂತು. “ಸುಳಿವು ಕೈಯಲ್ಲೇ ಇತ್ತು, ನೀವು ನೋಡಲಿಲ್ಲ” ಎಂದೆ. ಈ ಬರಹದಲ್ಲಿ ಹೇಳಲು ನನಗೆ ಅತ್ಯಂತ ಕಷ್ಟವಾದ ವಾಕ್ಯ ಇದು. ಕೂಗಿದ್ದು ಬಾಯಿತಪ್ಪಿ ಆದದ್ದು. ಇದು ತಿಳಿದು ಹೇಳಿದ ಮಾತು. ಆಡಿಟರ್ ಗೆಳತಿ ಎಲ್ಲರೂ ಹೊರಟ ಮೇಲೆ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ, “ನಾನು ಒರೆಸೋಕೆ ಹೋಗಿದ್ದೆ ಕಣೋ. ನೀನೇ ಬೇಡ ಅಂದೆ. ಅವನಿಗೆ ಅದನ್ನಾದರೂ ಹೇಳು” ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಹೇಳಬೇಕಾದದ್ದನ್ನು ಹೇಳಿದಳು.

ಮಾರನೆಯ ದಿನ ಜಂಗಮನ ಗೆಳೆಯನ ಮನೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಆ ದೃಶ್ಯವನ್ನು ರದ್ದು ಮಾಡಿ ಮತ್ತೆ ಆಡೋಣ ಎಂದೆ. ಅವನು ಬೇಡವೆಂದ. “ಸತ್ತದ್ದು ಸತ್ತದ್ದೇ. ಅವನು ನಿಂತ ರೀತಿ ನನಗೆ ಇಷ್ಟವಾಯಿತು. ಆದರೆ ನಾವು ದಡ್ಡರು ಅನ್ನೋ ಹಾಗೆ ಹೇಳಬಾರದಿತ್ತು ನೀನು” ಎಂದ. ಮುಂದಿನ ಸಲ ನಾಲ್ವರ ಎದುರಿಗೂ ಅದೇ ಮಾತನ್ನು ಹೇಳಿ ಕ್ಷಮೆ ಕೇಳಿದೆ.

ಈ ಆಟ ನಡೆಸುವವರ ನಡುವೆ ಜಸ್ಟಿನ್ ಅಲೆಕ್ಸಾಂಡರ್ ಎಂಬ ಲೇಖಕರ ‘ಮೂರು ಸುಳಿವಿನ ನಿಯಮ’ ಹೆಸರಾದದ್ದು. ಆಡುವವರು ಒಂದು ತೀರ್ಮಾನಕ್ಕೆ ಬರಬೇಕೆಂದು ನೀವು ಬಯಸಿದರೆ ಅದಕ್ಕೆ ಕನಿಷ್ಠ ಮೂರು ಸುಳಿವು ಇಡಿ. ಒಂದನ್ನು ಗಮನಿಸುವುದಿಲ್ಲ, ಇನ್ನೊಂದನ್ನು ತಪ್ಪಾಗಿ ಅರ್ಥ ಮಾಡಿಕೊಳ್ಳುತ್ತಾರೆ, ಮೂರನೆಯದು ದಡ ಮುಟ್ಟಿಸುತ್ತದೆ ಎಂಬುದು ಅದರ ಸಾರ. ನನಗೆ ಅದು ಬಾಯಿಪಾಠ ಇತ್ತು. ಬೇರೆ ಕಂತುಗಳಲ್ಲಿ ತಪ್ಪದೆ ಪಾಲಿಸಿದ್ದೆ. ಈ ಒಂದು ಸಲ ಪಾಲಿಸಲಿಲ್ಲ, ಏಕೆಂದರೆ ಗೊಲ್ಲರ ಹುಡುಗನೊಬ್ಬ ಕುದುರೆಗಳನ್ನು ಕಂಡೆ ಎಂದು ಹೇಳಿಬಿಟ್ಟರೆ ನನ್ನ ಕಡತಕ್ಕೆ ಏನು ಬೆಲೆ? ವಸ್ತುವಿನ ಮೇಲಿನ ಮೋಹ ನಿಯಮವನ್ನು ಮರೆಸಲಿಲ್ಲ; ನಿಯಮ ಗೊತ್ತಿದ್ದೂ ಬದಿಗೆ ಸರಿಸಿತು.

ಇನ್ನೊಂದು ವಿಷಯವನ್ನು ಆಮೇಲೆ ಹೆಚ್ಚು ಯೋಚಿಸಿದ್ದೇನೆ. ಕೆಡಿಸಲೆಂದೇ ಮಾಡಿದ ವಸ್ತುವನ್ನು ಕೆಡಿಸಲು ಜನರಿಗೆ ಮನಸ್ಸು ಬರುವುದಿಲ್ಲ. 2011ರಲ್ಲಿ ಬಂದ ‘ರಿಸ್ಕ್ ಲೆಗಸಿ’ ಎಂಬ ಬೋರ್ಡ್ ಆಟದಲ್ಲಿ ಹಲಗೆಯ ಮೇಲೆ ಅಳಿಸಲಾಗದ ಶಾಯಿಯಲ್ಲಿ ಬರೆಯಬೇಕು, ಕೆಲವು ಕಾರ್ಡುಗಳನ್ನು ಹರಿದು ಎಸೆಯಬೇಕು. ನಿಯಮವೇ ಹರಿ ಎನ್ನುತ್ತದೆ, ಆದರೂ ಮೊದಲ ಕಾರ್ಡನ್ನು ಹರಿಯುವಾಗ ಕೈ ತಡೆಯುತ್ತದೆ. ವೀಟ್ಲಿಯ ದಫ್ತರಗಳಲ್ಲಿ ಮುದ್ರೆ ಒಡೆಯದ ಪ್ರತಿಗಳನ್ನೇ ಇಂದು ಸಂಗ್ರಾಹಕರು ಹೆಚ್ಚಾಗಿ ಅರಸುತ್ತಾರೆ. ಕೊಲೆಗಾರ ಯಾರೆಂದು ಆ ಪ್ರತಿಯಲ್ಲಿ ಯಾರೂ ಓದಿಯೇ ಇಲ್ಲ. ಅಚ್ಚುಮನೆಯಿಂದ ಬಂದ ಕಾರ್ಡಿಗೇ ಹೀಗಾದರೆ, ಎದುರಿಗೆ ಕೂತಿರುವ ಗೆಳೆಯ ಕಣ್ಣುಕೆಂಪು ಮಾಡಿಕೊಂಡು ಮಾಡಿದ ವಸ್ತುವಿನ ಮೇಲೆ ಯಾರು ಕೈಯೆತ್ತುತ್ತಾರೆ? ಅವರ ಸಂಕೋಚ ಪ್ರೀತಿಯಿಂದಲೇ ಬಂದದ್ದು. ಅದನ್ನು ಕಳೆಯುವ ಹೊಣೆ ಮಾಡಿದವನದು. ನಾನು ಕಳೆಯುವ ಬದಲು ಬೆಳೆಸಿದೆ.

ಆ ಮೇಲೆ ವಸ್ತುಗಳನ್ನು ಮಾಡುವುದನ್ನು ಬಿಡಲಿಲ್ಲ. ಮಾಡುವ ಕ್ರಮ ಬದಲಾಯಿತು. ಮಾಡಿದ ಕತೆಯನ್ನು ಆಟಕ್ಕೆ ಮುಂಚೆ ಹೇಳುವುದಿಲ್ಲ. ಅರಗಿನ ಮುದ್ರೆಯ ಓಲೆ ಕೊಡುವಾಗ ಮುದ್ರೆಯನ್ನು ನಾನೇ ಅರ್ಧ ಸೀಳಿ ಕೊಡುತ್ತೇನೆ. ಮೊದಲ ಏಟು ಬಿದ್ದಿದ್ದರೆ ಮಿಕ್ಕವರ ಕೈ ತಾನಾಗಿ ಮುಂದೆ ಬರುತ್ತದೆ. ಒರೆಸಬೇಕಾದ ವಸ್ತುವಿನ ಪಕ್ಕದಲ್ಲಿ ಮಾಸಿದ ಬಟ್ಟೆಯ ತುಂಡನ್ನೂ ಇಡುತ್ತೇನೆ. ಕೊಟ್ಟ ಮೇಲೆ ನನ್ನ ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಳ್ಳುತ್ತೇನೆ. ಅದು ನನಗೆ ಈಗಲೂ ಸುಲಭವಲ್ಲ.

ಆ ಕಡತವನ್ನು ಆಡಿಟರ್ ಗೆಳತಿಗೆ ಕೊಟ್ಟೆ. ರೇಷ್ಮೆ ಚೀಲವನ್ನು ಅವಳು ವಾಪಸು ಮಾಡಿದಳು, ಉಪಯೋಗವಿಲ್ಲವೆಂದು. ಕಡತದಲ್ಲಿ ಈಗ ನಮ್ಮ ಆಟದ ಲೆಕ್ಕವಿದೆ. ಯಾರ ಪಾತ್ರಕ್ಕೆ ಎಷ್ಟು ಗಾಯ, ಎಷ್ಟು ವರಹ, ದೋಸೆಯ ದುಡ್ಡು ಯಾರು ಯಾರಿಗೆ ಕೊಡಬೇಕು. ನಾನು ಬರೆದ ಖಂಡುಗ ಕೊಳಗಗಳು ಒಂದೂ ಉಳಿದಿಲ್ಲ. ಮೊನ್ನೆ ಒಂದು ಮಡಿಕೆಯಲ್ಲಿ ಗೆಳೆಯನೊಬ್ಬ ತನ್ನ ಸಾಲವನ್ನು ಮೆಲ್ಲಗೆ ಒರೆಸಿ ಕಡಿಮೆ ಬರೆದಿದ್ದ. ಅವಳು ಒತ್ತಿನ ವ್ಯತ್ಯಾಸ ನೋಡಿ ಹಿಡಿದಳು.

ನಿಮ್ಮ ಆಟಕ್ಕೂ ಕಡತ ಬೇಕೆನ್ನಿಸಿದರೆ ಖಂಡಿತ ಮಾಡಿ. ಖರ್ಚು ಹೆಚ್ಚಿಲ್ಲ. ಮೀಟರ್ ಕೋರಾ ಬಟ್ಟೆ, ಅಡುಗೆಮನೆಯಲ್ಲಿ ಎಸೆಯುವ ಹುಣಸೆಬೀಜ, ತೆಂಗಿನ ಚಿಪ್ಪು, ಒಂದು ತುಂಡು ಬಳಪ. ಮೈದಾ ಬೇಡ. ಲೇಪ ತೆಳ್ಳಗಿರಲಿ, ಪದರ ಹೆಚ್ಚಿರಲಿ. ಹಲಗೆ ಕಟ್ಟಲು ಹೋಗಬೇಡಿ, ದಾರ ಸಾಕು. ಮಾಘ, ಫಾಲ್ಗುಣದ ಬಿಸಿಲಲ್ಲಿ ಶುರು ಮಾಡಿ. ಮಳೆ ಹಿಡಿದ ಮೇಲೆ ಕೈಹಾಕಬೇಡಿ. ಮತ್ತು ಮೇಜಿನ ಮೇಲೆ ಇಡುವ ಮೊದಲು, ಎಲ್ಲರ ಎದುರಿಗೆ, ಅದರ ಒಂದು ಸಾಲನ್ನು ನೀವೇ ಒರೆಸಿಬಿಡಿ.